ಪ್ರತಿಕ್ರಿಯೆ: ಒಡೆಯುವ ಅಲೆಗೆ ಮಾರಿಸನ್ ಸೂತ್ರ ಸಾಕೇ?

ಸಮುದ್ರದಲ್ಲಿ 8 ಮೀಟರ್ ಆಳದಲ್ಲಿ ನಿಂತ, 4 ಮೀಟರ್ ವ್ಯಾಸದ ಒಂಟಿ ಕಂಬಕ್ಕೆ ಮಾರಿಸನ್ ಸೂತ್ರವೊಂದೇ (ಒಡೆಯದ ಅಲೆ ಕಂಬದ ಮೇಲೆ ಹಾಕುವ ಬಲದ ಲೆಕ್ಕ) ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ಸಮತಟ್ಟಾದ ತಳದಲ್ಲಿ ಅಲೆಯ ಎತ್ತರ ಆಳದ ಸುಮಾರು 0.78 ಪಟ್ಟು ಮುಟ್ಟಿದರೆ ಅಲೆ ಒಡೆಯುತ್ತದೆ. ನಿಮ್ಮಲ್ಲಿ ಅದು 6.2 ಮೀಟರ್. ತಳ ಇಳಿಜಾರಾಗಿದ್ದರೆ ಇನ್ನೂ ಎತ್ತರದ ಅಲೆಯೂ ಬರಬಹುದು.

ಸುರುಳಿಯಾಗಿ ಬೀಳುವ ಅಲೆಯ ಮುಖ ಗೋಡೆಯಂತೆ ನೆಟ್ಟಗೆ ನಿಂತು ಕಂಬಕ್ಕೆ ಅಪ್ಪಳಿಸುತ್ತದೆ. ಈ ಹೊಡೆತವನ್ನು ಮಾರಿಸನ್ ಬಲಕ್ಕೆ ಪ್ರತ್ಯೇಕವಾಗಿ ಕೂಡಿಸಬೇಕು. ಹೊಡೆತದ ಬಲ ಎಷ್ಟೆಂದು ನಿರ್ಧರಿಸುವ ಗುಣಾಂಕ ಸಂಶೋಧಕ ಗೋಡಾ ಪ್ರಕಾರ π, ಸಂಶೋಧಕರಾದ ವೀಂಕೆ–ಔಮೆರಾಸಿ ಪ್ರಕಾರ 2π. ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ. ಅಲೆಯ ವೇಗ ಸೆಕೆಂಡಿಗೆ 10 ಮೀಟರ್, ನೀರಿನ ಮಟ್ಟದಿಂದ ಅಲೆಯ ಶಿಖರ 4.5 ಮೀಟರ್, ಸುರುಳಿ ಅಂಶ (ಶಿಖರದ ಎತ್ತರದಲ್ಲಿ ಕಂಬಕ್ಕೆ ಅಪ್ಪಳಿಸುವ ಪಾಲು) 0.46 ಎಂದುಕೊಂಡರೆ ಸುಮಾರು 2.7 ಮೆಗಾನ್ಯೂಟನ್ ಬರುತ್ತದೆ, ಅದೂ 0.08 ಸೆಕೆಂಡಿನೊಳಗೆ. ಆದ್ದರಿಂದ ಬಲ ಬದಲಾಗದೆ ನಿಂತಿದೆ ಎಂದುಕೊಳ್ಳುವ ಸ್ಥಿರ ಲೆಕ್ಕ ಬಿಟ್ಟು, ಹೊಡೆತಕ್ಕೆ ಕಂಬ ಹೇಗೆ ನಡುಗುತ್ತದೆ ಎಂಬ ಕಂಪನದ ಲೆಕ್ಕ ಮಾಡಿ.

ಕಂಬದ ಮೇಲಿನ ಡೆಕ್‌ನ (ವೇದಿಕೆಯ) ತಳ ಅಲೆಯ ಗರಿಷ್ಠ ಶಿಖರಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಲಿ. ಕೆಳಗಿನ ಓಡಾಟದ ಹಲಗೆಗೆ ಜಾಲರಿ ಹಾಕಿ, ನೀರು ಮೇಲಕ್ಕೆ ಹಾದುಹೋಗಲಿ. ಏಣಿ, ಕೇಬಲ್ ಕೊಳವೆಗಳು ಅಲೆ ಬರುವ ದಿಕ್ಕಿಗೆ ಮುಖಮಾಡಬಾರದು.

ಬುಡದ ಮರಳು ಕೊರೆತವನ್ನೂ ಮರೆಯಬೇಡಿ: ಸಮುದ್ರದ ಹರಿವಿನಲ್ಲಿ ಗುಂಡಿಯ ಆಳ ಕಂಬದ ವ್ಯಾಸದ 1.3 ಪಟ್ಟು, ಅಂದರೆ 5 ಮೀಟರ್ ದಾಟಬಹುದು. ಅದನ್ನು ತಡೆಯಲು ಮೊದಲು ಸಣ್ಣ ಜಲ್ಲಿಯ ಪದರ, ಅದರ ಮೇಲೆ ದಪ್ಪ ಕಲ್ಲು. ಜಲ್ಲಿ ಬಿಟ್ಟರೆ ಕಲ್ಲಿನ ಸಂದಿಯಿಂದ ಮರಳು ಸೋರಿ ಕಲ್ಲುಗಳು ಕುಸಿಯುತ್ತವೆ. ಆದರೆ ರಾಶಿ ಎತ್ತರವಾಗದಿರಲಿ. ಆಳ ಕಡಿಮೆಯಾದರೆ ಅಲೆ ಕಂಬದ ಮುಂದೆಯೇ ಒಡೆಯುತ್ತದೆ.