ಎಲ್ಲ ಸರಿಹೋಗುತ್ತದೆ ಎನ್ನುವವರೂ, ಏನಾಗುತ್ತದೋ ಎನ್ನುವವರೂ

ಓದುಗರ ಪತ್ರ: "ನನಗೆ 68 ವರ್ಷ, ನಮ್ಮ ಯಜಮಾನರಿಗೆ 73. ಮುಂದಿನ ತಿಂಗಳು ಅವರಿಗೆ ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆ. 'ಒಂದೇ ತಿಂಗಳು, ಮೆಟ್ಟಿಲು ಓಡಿ ಹತ್ತುತ್ತೇನೆ ನೋಡು' ಎಂದು ಈಗಲೇ ಎಲ್ಲರಿಗೂ ಫೋನ್ ಮಾಡಿ ಹೇಳುತ್ತಿದ್ದಾರೆ. ನನಗೋ ಕಣ್ಣು ಮುಚ್ಚಿದರೆ ಸಾಕು, ಆಗಬಾರದ್ದೆಲ್ಲ ಕಾಣುತ್ತದೆ. ಎಲ್ಲಿಗೆ ಹೊರಟರೂ ಎರಡನೆಯ ಕನ್ನಡಕ, ಹೆಚ್ಚುವರಿ ಮಾತ್ರೆ, ಟಾರ್ಚು ಚೀಲಕ್ಕೆ ಹಾಕಿಕೊಳ್ಳುವವಳು ನಾನು. ಮಕ್ಕಳು ನಗುತ್ತಾರೆ. ಆಶಾವಾದಿಗಳು ಹೆಚ್ಚು ಕಾಲ ಬದುಕುತ್ತಾರಂತೆ ಎಂದು ಮಗಳು ಓದಿ ಹೇಳಿದ ಮೇಲಂತೂ, ಚಿಂತೆ ಮಾಡುತ್ತೇನಲ್ಲ ಎಂಬುದೇ ಇನ್ನೊಂದು ಚಿಂತೆಯಾಗಿದೆ. ನಮ್ಮ ವಯಸ್ಸಿಗೆ ಇನ್ನೇನಿದೆ, ದಿನದಿಂದ ದಿನಕ್ಕೆ ಇಳಿಮುಖವೇ. ಈ ವಯಸ್ಸಿನಲ್ಲಿ ಸ್ವಭಾವ ಬದಲಾಗುತ್ತದೆಯೇ? ಬದಲಾಗಲೇಬೇಕೇ?"

ಮಾನ್ಯರೇ,

ಬದಲಾಗಲೇಬೇಕೇ ಎಂಬ ಕಡೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೇಡ. ಪೂರ್ತಿಯಾಗಿಯಂತೂ ಬೇಡವೇ ಬೇಡ. ನಿಮ್ಮ ಪತ್ರದಲ್ಲಿ ಹೊಡೆದುಹಾಕಬೇಕೆಂದು ನನಗೆ ಅನ್ನಿಸಿದ್ದು ಒಂದೇ ಒಂದು ವಾಕ್ಯ; ಅದು ಯಾವುದೆಂದು ಆಮೇಲೆ ಹೇಳುತ್ತೇನೆ. ಎರಡನೆಯ ಕನ್ನಡಕ ಚೀಲದಲ್ಲೇ ಇರಲಿ.

ಮಗಳು ಓದಿ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಸುಮಾರು 70,000 ಮಹಿಳೆಯರನ್ನೂ 1,400ಕ್ಕೂ ಹೆಚ್ಚು ಪುರುಷರನ್ನೂ ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಎಲ್ಲರಿಗಿಂತ ಹೆಚ್ಚು ಆಶಾವಾದಿಗಳಾಗಿದ್ದವರ ಆಯುಸ್ಸು, ಎಲ್ಲರಿಗಿಂತ ಕಡಿಮೆ ಆಶಾವಾದಿಗಳಾಗಿದ್ದವರಿಗಿಂತ ಸರಾಸರಿ ಶೇ. 11ರಿಂದ 15ರಷ್ಟು ಹೆಚ್ಚಿತ್ತು. 85 ದಾಟುವ ಸಂಭವವೂ ಅವರಿಗೇ ಹೆಚ್ಚು. ಇದನ್ನು ಓದಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ, ಅದರಲ್ಲೂ ನಿಮ್ಮಂಥವರಿಗೆ. ಆದರೆ ಇದು ಗುಂಪಿನ ಲೆಕ್ಕ. ಭರವಸೆಯುಳ್ಳವರು ಸಾಮಾನ್ಯವಾಗಿ ನಡೆದಾಡುತ್ತಾರೆ, ಸಿಗರೇಟಿನಿಂದ ದೂರವಿರುತ್ತಾರೆ. ಮೈಯಲ್ಲಿ ಕಸುವಿದ್ದವರಿಗೆ ಭರವಸೆ ಇಟ್ಟುಕೊಳ್ಳುವುದೂ ಸುಲಭ. ಇವನ್ನೆಲ್ಲ ಕಳೆದ ಮೇಲೂ ಒಂದಿಷ್ಟು ವ್ಯತ್ಯಾಸ ಉಳಿಯಿತು, ನಿಜ. ಹಾಗೆಂದು, ಒಳಗೊಳಗೇ ಹೆದರುತ್ತಾ ಹೊರಗೆ ಹಲ್ಲು ಕಿರಿದರೆ ಆಯುಸ್ಸು ಬೆಳೆಯುತ್ತದೆ ಎಂದು ಆ ಅಧ್ಯಯನ ತೋರಿಸಿಲ್ಲ.

ಮಗಳ ಕಣ್ಣಿಗೆ ಬೀಳದ ಇನ್ನೊಂದು ಅಧ್ಯಯನವೂ ಇದೆ. ಜರ್ಮನಿಯಲ್ಲಿ 1993ರಿಂದ 2003ರವರೆಗೆ ಸಾವಿರಾರು ಜನರನ್ನು ಎರಡು ಪ್ರಶ್ನೆ ಕೇಳುತ್ತಾ ಬಂದರು: ಈಗ ಬದುಕು ಎಷ್ಟು ತೃಪ್ತಿ ಕೊಟ್ಟಿದೆ, ಇನ್ನು ಐದು ವರ್ಷಕ್ಕೆ ಎಷ್ಟು ಕೊಟ್ಟೀತು? ಐದು ವರ್ಷ ಕಳೆದ ಮೇಲೆ ಊಹೆಯನ್ನೂ ನಿಜವಾಗಿ ಆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಫ್ರೀಡರ್ ಲಾಂಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹಿರಿಯರಲ್ಲಿ ಶೇ. 43ರಷ್ಟು ಮಂದಿ ಮುಂದಿನ ದಿನಗಳು ನಿಜಕ್ಕೂ ಆದದ್ದಕ್ಕಿಂತ ಕೆಟ್ಟದಾಗಿರುತ್ತವೆ ಎಂದೇ ಎಣಿಸಿದ್ದರು. ಶೇ. 32ರಷ್ಟು ಮಂದಿಯದು ಅತಿ ನಿರೀಕ್ಷೆ. ಮುಂದೆ ಅಂಗವೈಕಲ್ಯದ, ಸಾವಿನ ಅಪಾಯ ಹೆಚ್ಚಾಗಿ ಕಂಡದ್ದು ಈ ಎರಡನೆಯ ಗುಂಪಿನಲ್ಲಿ. ಮುಂದೇನು ಕಾದಿದೆಯೋ ಎಂದು ಅಳುಕುವವರು ಎಚ್ಚರದಿಂದ ಇರುತ್ತಾರೆ ಎಂಬುದು ಸಂಶೋಧಕರು ಕೊಡುವ ಒಂದು ವಿವರಣೆ. ಈ ಎರಡು ಅಧ್ಯಯನಗಳು ಪರಸ್ಪರ ಜಗಳಕ್ಕೆ ನಿಂತಿವೆ ಎಂದು ನನಗೆ ಅನ್ನಿಸುವುದಿಲ್ಲ. ಮೊದಲನೆಯದು ಸ್ವಭಾವವನ್ನು ಅಳೆಯಿತು. ಎರಡನೆಯದು ಊಹೆ ಎಷ್ಟು ದಾರಿ ತಪ್ಪಿತು ಎಂಬುದನ್ನು ಅಳೆಯಿತು. ಒಬ್ಬ ಮನುಷ್ಯನ ಸ್ವಭಾವ ಚೆನ್ನಾಗಿದ್ದು ಲೆಕ್ಕಾಚಾರ ತಪ್ಪಿರುವುದು ನಾವೆಲ್ಲ ದಿನಾ ನೋಡುವುದೇ.

ಅಲ್ಲಿಂದ ನಿಮ್ಮ ಯಜಮಾನರ ಮಂಡಿಗೆ ಬರೋಣ. ಸೊಂಟದ ಕೀಲು ಬದಲಾಯಿಸಿಕೊಳ್ಳಲಿದ್ದ ರೋಗಿಗಳನ್ನು ಮನಶ್ಶಾಸ್ತ್ರಜ್ಞೆ ಗ್ಯಾಬ್ರಿಯೆಲೆ ಓಟಿಂಗೆನ್ ಮಾತನಾಡಿಸಿದ್ದರು. 2002ರಲ್ಲಿ ಪ್ರಕಟವಾದ ಕೆಲಸ ಅದು. ಕೀಲು ಗುಣವಾಗುತ್ತದೆ ಎಂದು ನಂಬಿದ್ದವರು ಚೆನ್ನಾಗಿ ಚೇತರಿಸಿಕೊಂಡರು. ಗುಣವಾದ ಮೇಲಿನ ಓಡಾಟವನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಳ್ಳುತ್ತಾ ಕುಳಿತವರ ಚೇತರಿಕೆ ಮಾತ್ರ ಹಿಂದೆ ಬಿತ್ತು. ಕೀಲು ಎಷ್ಟು ಆಡುತ್ತಿದೆ, ಮೆಟ್ಟಿಲು ಹೇಗೆ ಹತ್ತುತ್ತಾರೆ ಎಂಬುದನ್ನು ಅಳೆದವರು ಫಿಸಿಯೋಥೆರಪಿಸ್ಟರೇ ಹೊರತು ರೋಗಿಗಳಲ್ಲ. ಕನಸಿನಲ್ಲಿ ಆಗಲೇ ಮೆಟ್ಟಿಲು ಹತ್ತಿ ಮುಗಿಸಿದವನಿಗೆ ಎಚ್ಚರವಾದ ಮೇಲೆ ಹತ್ತುವ ಹುರುಪು ಉಳಿಯುವುದಿಲ್ಲವೆಂದು ಕಾಣುತ್ತದೆ.

ಯಜಮಾನರು ಎರಡರಲ್ಲಿ ಯಾವ ಗುಂಪಿನವರು ಎಂಬುದು ಫೋನಿನಲ್ಲಿ ಆಡುವ ಮಾತಿನಿಂದ ತಿಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯಾದ ದಿನವೋ ಮರುದಿನವೋ ವಾಕರ್ ಕೈಗೆ ಕೊಟ್ಟು ಎಬ್ಬಿಸಿ ನಿಲ್ಲಿಸುತ್ತಾರೆ. ಅಲ್ಲಿಂದ ಶುರು. ಹಾಸಿಗೆಯ ಮೇಲೆ ಕಾಲು ಚಾಚಿ, ಹಿಮ್ಮಡಿಯನ್ನು ಮೆಲ್ಲಗೆ ತನ್ನ ಕಡೆಗೆ ಜಾರಿಸಬೇಕು. ಮಂಡಿ ಮಡಚುತ್ತಾ ಬಂದು ಒಂದು ಕಡೆ ನಿಂತುಬಿಡುತ್ತದೆ. ಚರ್ಮ ಬಿಗಿದು ಇನ್ನು ಆಗದು ಎನ್ನಿಸುತ್ತದೆ. ಅಲ್ಲಿ ಕೆಲವು ಸೆಕೆಂಡು ತಡೆದು ವಾಪಸ್ಸು ಬರಬೇಕು. ಮತ್ತೆ ಅದೇ. ಆಮೇಲೆ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯ ಹಿಂಭಾಗವನ್ನು ಹಾಸಿಗೆಯತ್ತ ಒತ್ತಬೇಕು, ಏಕೆಂದರೆ ಮಡಚುವುದಷ್ಟೇ ಸಾಲದು, ಕಾಲು ಪೂರ್ತಿ ನೆಟ್ಟಗಾಗಲೂ ಬೇಕು. ದಿನಕ್ಕೆ ಹಲವು ಬಾರಿ, ವಾರಗಟ್ಟಲೆ. ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಕೈಕಂಬಿ ಹಿಡಿದು ತಿಂಗಳಲ್ಲಿ ಮೆಟ್ಟಿಲು ಹತ್ತಿದರೂ ಹತ್ತಿಯಾರು; ಊತ, ಬಿಗಿತ ಇಳಿಯಲು ತಿಂಗಳುಗಳೇ ಬೇಕು, ಸುಧಾರಣೆ ಒಂದು ವರ್ಷದವರೆಗೂ ನಡೆಯುತ್ತಿರುತ್ತದೆ. ಎರಡನೆಯ ವಾರದ ಬೆಳಿಗ್ಗೆ, ನೋವಿದ್ದರೂ ಆ ಹಿಮ್ಮಡಿ ಜಾರಿದರೆ ನಿಮ್ಮ ಯಜಮಾನರ ಆಶಾವಾದ ಅಪ್ಪಟ. "ತಾನಾಗಿಯೇ ಸರಿಹೋಗುತ್ತದೆ ಬಿಡು" ಎಂದು ಮಗ್ಗುಲು ಬದಲಾಯಿಸಿದರೆ, ಅದಕ್ಕೆ ನಾನು ಬೇರೆ ಹೆಸರು ಕೊಡುತ್ತೇನೆ. ಇಲ್ಲಿ ಬರೆಯುವುದಿಲ್ಲ.

ಅವರ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಒಂದು ಪ್ರಶ್ನೆ ಕೇಳಿ ಸಾಕು: "ನೋವು ಹೆಚ್ಚಾಗಿ ಇವತ್ತು ವ್ಯಾಯಾಮ ಬೇಡ ಅನ್ನಿಸಿದರೆ ಏನು ಮಾಡುತ್ತೀರಿ?" ಓಟಿಂಗೆನ್ ಮುಂದಿನ ವರ್ಷಗಳಲ್ಲಿ ಕಲಿಸಿದ್ದೂ ಹೆಚ್ಚುಕಡಿಮೆ ಇದೇ. ಬೇಕಾದ್ದನ್ನು ಕಲ್ಪಿಸಿಕೊಳ್ಳಿ, ಒಡನೆಯೇ ಅಡ್ಡಿಯನ್ನೂ ಕಲ್ಪಿಸಿಕೊಳ್ಳಿ, ಅಡ್ಡಿ ಬಂದಾಗ ಮಾಡುವುದನ್ನು ಈಗಲೇ ಗೊತ್ತುಮಾಡಿ. ಅಡ್ಡಿಗಳ ಪಟ್ಟಿ ಕೊಡಲು ನಿಮ್ಮ ಮನೆಯಲ್ಲಿ ನಿಮಗಿಂತ ತಜ್ಞರು ಯಾರಿದ್ದಾರೆ?

ನಿಮ್ಮ ಚೀಲಕ್ಕೂ ಮನಶ್ಶಾಸ್ತ್ರದಲ್ಲಿ ಗೌರವದ ಸ್ಥಾನವಿದೆ. 1980ರ ದಶಕದಲ್ಲಿ ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ ಇಂಥವರನ್ನೇ ಅಧ್ಯಯನ ಮಾಡಿ, ಇದನ್ನು ರಕ್ಷಣಾತ್ಮಕ ನಿರಾಶಾವಾದ ಎಂದು ಕರೆದರು. ಕೆಟ್ಟದ್ದು ಏನೇನಾಗಬಹುದು ಎಂದು ಮೊದಲೇ ಎಣಿಸಿ, ಒಂದೊಂದಕ್ಕೂ ಸಿದ್ಧತೆ ಮಾಡಿಕೊಂಡು, ಆ ಸಿದ್ಧತೆಯಿಂದಲೇ ಅಂಜಿಕೆಯನ್ನು ಹತೋಟಿಗೆ ತರುವವರು ಇವರು. ಇಂಥವರನ್ನು "ಏನೂ ಆಗುವುದಿಲ್ಲ" ಎಂದು ಸಮಾಧಾನಪಡಿಸಿ ಕೆಲಸಕ್ಕೆ ಹಚ್ಚಿದರೆ ಅವರ ಕೆಲಸ ಇನ್ನಷ್ಟು ಕೆಡುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ನಗುವ ಮಕ್ಕಳಿಗೆ ಇದನ್ನು ಧಾರಾಳವಾಗಿ ಹೇಳಿ. ಕರೆಂಟು ಹೋದ ರಾತ್ರಿ ಅವರು ಟಾರ್ಚು ಕೇಳಿಕೊಂಡು ನಿಮ್ಮ ಹತ್ತಿರವೇ ಬಂದಿರಬೇಕು.

ಆದರೆ ಚೀಲ ಬೇರೆ, ಮಧ್ಯರಾತ್ರಿ ಬೇರೆ. ಚೀಲ ತುಂಬಿಸಿದ ಮೇಲೆ ಮನಸ್ಸು ಸುಮ್ಮನಾಗುತ್ತದೆ; ಮಧ್ಯರಾತ್ರಿಯ ಚಿಂತೆ ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತುತ್ತದೆ. ರಾತ್ರಿ ಕಂಡದ್ದನ್ನು ಬೆಳಿಗ್ಗೆ ಕಾಗದಕ್ಕೆ ಇಳಿಸಿ, ಇದರಲ್ಲಿ ಕೈಯಿಂದ ಮಾಡುವಂಥದ್ದು ಏನಿದೆ ಎಂದು ನೋಡಿ. ಬಚ್ಚಲಲ್ಲಿ ಜಾರಿ ಬಿದ್ದರೆ? ಗೋಡೆಗೆ ಹಿಡಿಕೆ ಹಾಕಿಸಬಹುದು, ಜಾರುವ ಕಾಲೊರಸು ತೆಗೆಯಬಹುದು, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯ ದೀಪ ಇಡಬಹುದು. ಇದೆಲ್ಲ ಅವರು ಆಸ್ಪತ್ರೆಗೆ ಹೋಗುವ ಮುನ್ನವೇ ಆಗಬೇಕಾದ ಕೆಲಸ. ಅರಿವಳಿಕೆಯಿಂದ ತೊಂದರೆಯಾದರೆ? ಅವರು ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿ, ಮುಖ್ಯವಾಗಿ ರಕ್ತ ತೆಳುಗೊಳಿಸುವವೂ ಸಕ್ಕರೆ ಕಾಯಿಲೆಯವೂ, ಅರಿವಳಿಕೆ ವೈದ್ಯರ ಕೈ ಸೇರಲಿ. ರಕ್ತ ಹೆಪ್ಪುಗಟ್ಟಿದರೆ? ಮೀನಖಂಡದಲ್ಲಿ ಹೊಸ ನೋವು, ಹೆಚ್ಚಾಗುವ ಊತ ಕಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ ಆ ಕ್ಷಣವೇ ವೈದ್ಯರಿಗೆ ತಿಳಿಸಬೇಕೆಂದು ಮನೆಯ ಎಲ್ಲರಿಗೂ ಗೊತ್ತಿರಲಿ. ಇಷ್ಟರ ಮೇಲೂ ಕಾಗದದಲ್ಲಿ ಉಳಿಯುವುದು ನಿಮ್ಮ ಕೈಯಲ್ಲಿಲ್ಲದ್ದು. ಅದನ್ನು ಇಡೀ ರಾತ್ರಿ ನೀವೊಬ್ಬರೇ ಕಾಯಬೇಕಾಗಿಲ್ಲ. ವಾರಗಟ್ಟಲೆ ನಿದ್ದೆ ಹತ್ತದೆ, ಊಟ ರುಚಿಸದೆ, ಇಷ್ಟವಿದ್ದ ಕೆಲಸವೂ ಬೇಡವೆನ್ನಿಸುತ್ತಿದ್ದರೆ ಅದನ್ನು ಸ್ವಭಾವ ಎಂದು ತಳ್ಳಿಹಾಕದೆ ನಿಮ್ಮ ವೈದ್ಯರಿಗೆ ಹೇಳಿ; ಅದಕ್ಕೆ ಚಿಕಿತ್ಸೆಯಿದೆ.

ಇನ್ನು ಹೊಡೆದುಹಾಕಬೇಕಾದ ವಾಕ್ಯ. "ನಮ್ಮ ವಯಸ್ಸಿಗೆ ಇನ್ನೇನಿದೆ, ದಿನದಿಂದ ದಿನಕ್ಕೆ ಇಳಿಮುಖವೇ" ಎಂದು ಬರೆದಿದ್ದೀರಿ. ಬರೆಯುವಾಗ ನಿಮ್ಮ ಕೈ ತಡೆದಂತಿಲ್ಲ, ನಾವೆಲ್ಲ ಹೂಂಗುಟ್ಟುವ ಮಾತು ಅದು. ಅಮೆರಿಕದ ಓಹಿಯೋ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ 1975ರಲ್ಲಿ 50 ದಾಟಿದವರ ಮುಂದೆ ಕೆಲವು ಹೇಳಿಕೆಗಳನ್ನಿಟ್ಟು, ಒಪ್ಪುತ್ತೀರಾ ಎಂದು ಕೇಳಿದ್ದರು. ವಯಸ್ಸಾದಂತೆ ಎಲ್ಲವೂ ಕೆಡುತ್ತಾ ಹೋಗುತ್ತದೆ ಎಂಬುದು ಅವುಗಳಲ್ಲೊಂದು. ನಿಮ್ಮದೇ ವಾಕ್ಯ ಎನ್ನಿ. ಬೆಕ್ಕಾ ಲೆವಿ ಮತ್ತು ಸಂಗಡಿಗರು ಆ ಗುಂಪಿನ 660 ಮಂದಿಯ ಮುಂದಿನ ಸುಮಾರು 23 ವರ್ಷಗಳ ದಾಖಲೆಯನ್ನು ತೆಗೆದು ನೋಡಿದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಇದೂ ಗುಂಪಿನ ಲೆಕ್ಕವೇ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸಿನಲ್ಲಿ ಇದು ಬೇರೆ ಲೆಕ್ಕಗಳಿಗಿಂತ ಗಟ್ಟಿಯಾಗಿ ನಿಂತಿದೆ, ಏಕೆಂದರೆ ಇದರ ಹಿಂದಿನ ಕಾರಣ ಬರಿಗಣ್ಣಿಗೇ ಕಾಣುತ್ತದೆ. ಎಲ್ಲ ಇಳಿಮುಖವೇ ಎಂದು ಒಪ್ಪಿಕೊಂಡವನು ಕಿವಿ ಮಂದವಾದರೆ ಪರೀಕ್ಷೆ ಮಾಡಿಸುವುದಿಲ್ಲ. ಕಣ್ಣಿಗೆ ಪೊರೆ ಬಂದರೆ ವಯಸ್ಸಲ್ಲವೇ ಎನ್ನುತ್ತಾನೆ. ತಲೆ ಸುತ್ತಿದರೆ, ಅದು ಹೊಸ ಮಾತ್ರೆಯ ಪರಿಣಾಮವೇ ಎಂದು ಕೇಳುವುದಿಲ್ಲ. ವಯಸ್ಸಿನ ತಲೆಗೆ ಕಟ್ಟಿದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ.

ಮಂಡಿ ಸವೆದಿದೆ ಎಂಬುದು ಸಂಗತಿ. ಎಲ್ಲ ಸವೆಯಿತು ಎಂಬುದು ತೀರ್ಪು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ನಿರಾಶಾವಾದವನ್ನು ಗುರುತಿಸುವುದೂ ಇಲ್ಲಿಯೇ: ಒಂದು ಕಷ್ಟ ಬಂದಾಗ ಇದು ಸದಾ ಹೀಗೆಯೇ, ಎಲ್ಲದರಲ್ಲೂ ಹೀಗೆಯೇ ಎಂದು ಹಬ್ಬಿಸಿಕೊಳ್ಳುವುದರಲ್ಲಿ. ನಿಮ್ಮ ಚೀಲದಲ್ಲಿ ಆ ಹಬ್ಬುವಿಕೆ ಇಲ್ಲ, ಆ ಒಂದು ವಾಕ್ಯದಲ್ಲಿದೆ.

ಈ ವಯಸ್ಸಿನಲ್ಲಿ ಬದಲಾಗುತ್ತದೆಯೇ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ವೀಡನ್ನಿನಲ್ಲಿ ವಯಸ್ಸಾದ ಅವಳಿಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಶಾವಾದದ ಮಟ್ಟದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಕಾಲುಭಾಗ ಮಾತ್ರ ಹುಟ್ಟಿನಿಂದ ಬಂದದ್ದೆಂದು ಕಂಡಿತು. ಮಿಕ್ಕದ್ದು ಬದುಕು ಸೇರಿಸಿದ್ದು, ಹಾಗಾಗಿ ಅಷ್ಟಿಷ್ಟು ತಿದ್ದಿಕೊಳ್ಳಲು ಜಾಗವಿದೆ. ನಿಮಗೆ ಬೇಕಾದದ್ದು ಒಂದು ವಾಕ್ಯದಷ್ಟು ಜಾಗ. ಮುಂದಿನ ಸಲ ನಾಲಿಗೆಯ ತುದಿಗೆ "ನಮ್ಮ ವಯಸ್ಸಿಗೆ" ಬಂದಾಗ, ಅಲ್ಲಿಗೇ ನಿಲ್ಲಿಸಿ ಕೆಟ್ಟದ್ದು ಯಾವುದೋ ಅದರ ಹೆಸರನ್ನಷ್ಟೇ ಹೇಳಿ: ಎಡಗಣ್ಣು ಮಂಜು, ಬೆರಳು ಬೆಳಿಗ್ಗೆ ಬಿಗಿ. ಹೆಸರಿರುವುದಕ್ಕೆ ವೈದ್ಯರಿದ್ದಾರೆ.

ಈ ಉತ್ತರವನ್ನು ಮನೆಯಲ್ಲಿ ಓದಿ ಹೇಳುವುದಾದರೆ ಯಜಮಾನರಿಗೆ ಹಿಮ್ಮಡಿಯ ಭಾಗ, ಮಕ್ಕಳಿಗೆ ಚೀಲದ ಭಾಗ ಸಾಕು. ಜರ್ಮನಿಯ ಅಧ್ಯಯನವನ್ನು ಮಾತ್ರ ಯಜಮಾನರಿಗೆ ಈಗಲೇ ಓದಬೇಡಿ. ಹೊಲಿಗೆ ಬಿಚ್ಚಿದ ಮೇಲೆ, ಅವರು ವ್ಯಾಯಾಮ ತಪ್ಪಿಸಿದ ಮೊದಲ ದಿನಕ್ಕೆ ಅದನ್ನು ತೆಗೆದಿಟ್ಟುಕೊಳ್ಳಿ.

— ಸಂಪಾದಕ