1977ರಲ್ಲಿ ಜತ್ತಿಯವರ ಪಾತ್ರ

ಮೊರಾರ್ಜಿ ದೇಸಾಯಿಗೆ ಪ್ರಮಾಣವಚನ ಬೋಧಿಸಿದ್ದು ಬಿ.ಡಿ. ಜತ್ತಿ ಅಂತ ಓದಿದೆ, ಅವರು ಉಪರಾಷ್ಟ್ರಪತಿ ಅಲ್ವಾ ಅಂತ ಕೇಳಿದ್ದೀರಿ. ಎರಡೂ ಸರಿ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಆಗ ಚುನಾವಣೆ ಘೋಷಣೆ ಆಗಿಬಿಟ್ಟಿತ್ತು. ಜಮಖಂಡಿ ತಾಲ್ಲೂಕಿನ ಸಾವಳಗಿಯ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ಬಂದ ಮೇಲೆ ಮತ್ತೆ ಉಪರಾಷ್ಟ್ರಪತಿ ಸ್ಥಾನಕ್ಕೆ ಮರಳಿದರು.

ಆ ಐದೂವರೆ ತಿಂಗಳಲ್ಲಿ ಏನೇನಾಯ್ತು ನೋಡಿ. ರಾಯ್‌ಬರೇಲಿಯಲ್ಲಿ ಇಂದಿರಾ ಸೋತರು. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಹೋಯ್ತು, 24ಕ್ಕೆ ಮೊರಾರ್ಜಿ ಪ್ರಧಾನಿಯಾದರು.

ಆದರೆ ಜತ್ತಿಯವರಿಗೆ ನಿಜವಾದ ಇಕ್ಕಟ್ಟು ಬಂದದ್ದು ಏಪ್ರಿಲ್ ಕೊನೆಗೆ. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕು ಅಂತ ಜನತಾ ಸರ್ಕಾರ ಪಟ್ಟು ಹಿಡಿಯಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತವು. ಆದರೂ ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ಸಂಪುಟ ಮತ್ತೆ ಒತ್ತಾಯಿಸಿದ ಮೇಲೆ ಏಪ್ರಿಲ್ 30ಕ್ಕೆ ಹಾಕಿದರು. ಅವರು ಹಳೇ ಕಾಂಗ್ರೆಸ್ಸಿಗರು, ಅದಕ್ಕೇ ತಡ ಮಾಡಿದರು ಅಂತ ಟೀಕೆ ಬಂತು. ನನಗೆ ಹಾಗೆ ಅನ್ನಿಸುವುದಿಲ್ಲ. ಜನ ಆರಿಸಿದ ಒಂಬತ್ತು ಸಭೆಗಳನ್ನು ಒಟ್ಟಿಗೇ ಮುಗಿಸುವಾಗ ಯಾರೇ ಆದರೂ ಸ್ವಲ್ಪ ತಡೆದು ಯೋಚಿಸಬೇಕು.

ಅಂದ ಹಾಗೆ ಆ ಒಂಬತ್ತರಲ್ಲಿ ಕರ್ನಾಟಕ ಇರಲಿಲ್ಲ. ಇಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ ಪಾಲಾಗಿದ್ದವು. ದೇವರಾಜ ಅರಸು ಸರ್ಕಾರ ಅದೇ ವರ್ಷ ಡಿಸೆಂಬರ್ 31ಕ್ಕೆ ವಜಾ ಆಯ್ತು.