ವರ್ಷ ತುಂಬುವವರೆಗೆ ಕಾಯಬೇಡಿ, ತಾಯಿ

ರಾಣೇಬೆನ್ನೂರು ತಾಲ್ಲೂಕಿನ ಅಜ್ಜಿಯೊಬ್ಬರು ಬರೆದಿದ್ದಾರೆ: ‘ಮೊಮ್ಮಗಳಿಗೆ ಎರಡು ತಿಂಗಳು. ತೊಟ್ಟಿಲ ಕಾರ್ಯದ ಫೋಟೋದಲ್ಲಿ ಎಡಗಣ್ಣಿನ ಪಾಪೆ ಬೆಳ್ಳಗೆ ಕಾಣಿಸಿತು. ವರ್ಷ ತುಂಬಿದರೆ ತಾನೇ ಹೋಗುತ್ತದೆ ಅಂತಾರೆ. ಗ್ರಹಣದ ದಿನ ಹೊರಗೆ ಬಂದಿದ್ದಳು ಅಂತ ಸೊಸೆಗೆ ಬೈಗುಳ ಬೇರೆ. ಏನು ಮಾಡಲಿ?’

ತಾಯಿ, ಈ ವಾರವೇ ಮಗುವನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ. ಆ ಫೋಟೋನೂ ತೋರಿಸಿ.

ವರ್ಷ ಕಾಯುವ ಮಾತು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಕಣ್ಣೀರಿನ ನಾಳ ಕಟ್ಟಿಕೊಂಡು ಕಣ್ಣು ಸೋರುವ ಕೂಸುಗಳಲ್ಲಿ ಹೆಚ್ಚಿನವಕ್ಕೆ ವರ್ಷದೊಳಗೆ ಅದು ತಾನಾಗಿ ಸರಿಹೋಗುತ್ತದೆ. ಬಿಳಿ ಪಾಪೆಯ ಕತೆ ಹಾಗಲ್ಲ. ಅದು ಹುಟ್ಟಿನಿಂದ ಬಂದ ಪೊರೆ ಇರಬಹುದು. ಅಪರೂಪಕ್ಕೆ ಕಣ್ಣಿನೊಳಗಿನ ಕ್ಯಾನ್ಸರ್ ಗಡ್ಡೆಯೂ ಇರಬಹುದು, ಅದು ಜೀವಕ್ಕೇ ಅಪಾಯ. ಮನೆಯಲ್ಲಿ ಕೂತು ಯಾವುದೆಂದು ಹೇಳಲಾಗದು.

ಪೊರೆಯೇ ಆದರೂ ಅವಸರ ಯಾಕೆ? ಮುದುಕರ ಪೊರೆ ತೆಗೆದರೆ ಮೊದಲಿನ ನೋಟ ಮರಳುತ್ತದೆ. ಕೂಸಿನ ಮೆದುಳು ನೋಡುವುದನ್ನು ಈಗಷ್ಟೇ ಕಲಿಯುತ್ತಿದೆ. ಬೆಳಕೇ ಹೋಗದ ಕಣ್ಣನ್ನು ಅದು ಕೈಬಿಡುತ್ತದೆ. ಆಮೇಲೆ ಪೊರೆ ತೆಗೆದರೂ ನೋಟ ಪೂರ್ತಿ ಬರುವುದು ಕಷ್ಟ. ಒಂದೇ ಕಣ್ಣಿಗೆ ಗಟ್ಟಿ ಪೊರೆ ಇದ್ದರೆ ಹುಟ್ಟಿದ ಆರು ವಾರದ ಆಸುಪಾಸಿನಲ್ಲೇ ಆಪರೇಷನ್ ಆದರೆ ಒಳ್ಳೇದು ಅಂತಾರೆ. ನಿಮ್ಮದು ಕೈಮೀರಿದೆ ಅಂತಲ್ಲ, ಇನ್ನು ತಡ ಬೇಡ ಅಷ್ಟೇ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಸೊಸೆಯನ್ನು ಬೈಯುವವರ ಬಾಯಿ ಮುಚ್ಚಿಸುವ ಕೆಲಸ ನಿಮ್ಮದೇ! ಬಸುರಿಯ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಎಂಬ ಜ್ವರ-ಗುಳ್ಳೆಯ ಸೋಂಕು ತಗಲಿದರೆ ಕೂಸಿಗೆ ಪೊರೆ ಬರಬಹುದು. ಆಸ್ಟ್ರೇಲಿಯಾದ ಡಾಕ್ಟರ್ ನಾರ್ಮನ್ ಗ್ರೆಗ್ 1941ರಲ್ಲೇ ಇದನ್ನು ಹೇಳಿದ್ದರು. ಕೆಲವು ಮನೆತನಗಳಲ್ಲಿ ವಂಶದಿಂದಲೂ ಬರುತ್ತದೆ. ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಇದೆಯಲ್ಲ, ಅದರಿಂದ ಇಂಥ ಕೆಲವು ದೋಷಗಳ ಸಾಧ್ಯತೆ ಜಾಸ್ತಿ. ಒಂದೇ ಕಣ್ಣಿನದಾದರೆ ಬಹಳ ಸಲ ಕಾರಣವೇ ಸಿಗುವುದಿಲ್ಲ.

ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಕಣ್ಣಿನ ವಿಭಾಗವಿದೆ. ಖರ್ಚಿನ ಚಿಂತೆಯಿದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯದ ಸರ್ಕಾರಿ ಯೋಜನೆಯ ಬಗ್ಗೆ ಕೇಳಿ. ಹುಟ್ಟಿನಿಂದ ಬಂದ ಪೊರೆಯೂ ಆ ಯೋಜನೆಯಲ್ಲಿ ಸೇರಿದೆ. ತಾಯಿ ಕಾರ್ಡ್ ಒಯ್ಯಲು ಮರೆಯಬೇಡಿ.

ಆಪರೇಷನ್‌ಗೇ ಕೆಲಸ ಮುಗಿಯದು. ಕನ್ನಡಕ ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್ ಬೇಕಾಗುತ್ತದೆ. ದಿನಾ ಡಾಕ್ಟರ್ ಹೇಳಿದಷ್ಟು ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ, ಕುಂದಿದ ಕಣ್ಣಿಗೆ ನೋಡುವ ಕೆಲಸ ಕೊಡಬೇಕು. ಹೀಗೆ ವರ್ಷಗಟ್ಟಲೆ. ಕೂಸು ಅಳುತ್ತದೆ, ಪಟ್ಟಿ ಕಿತ್ತು ಒಗೆಯುತ್ತದೆ. ‘ಪಾಪ, ಇವತ್ತೊಂದಿನ ಬಿಡ್ರಿ’ ಅನ್ನುವವರು ಸಾಮಾನ್ಯವಾಗಿ ಅಜ್ಜಿಯರೇ. ನೀವು ಹಾಗೆ ಅನ್ನಬೇಡಿ. ಪಟ್ಟಿ ಹಾಕಿದ ಹೊತ್ತಿನಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಣ್ಣದ ಗಿಲಕಿ ಆಡಿಸಿ.